ಸರ್ವರ್ ಡೌನ್ ಅನ್ನುವ ಮುಂಚೆ



"ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ." ಒಂದು ಕಾಲಕ್ಕೆ ಈ ಮಾತು ನಾಡಕಚೇರಿಯಲ್ಲೋ ಬ್ಯಾಂಕಿನ ಕೌಂಟರಿನಲ್ಲೋ ಮಾತ್ರ ಕಿವಿಗೆ ಬೀಳುತ್ತಿತ್ತು. ಈಗ ಅದು ನಿಪ್ಪಾಣಿಯ ತಂಬಾಕಿನ ಅಡತಿ ಅಂಗಡಿಗೂ ಬಂದಿದೆ, ಅಥಣಿಯ ಚಪ್ಪಲಿ ವ್ಯಾಪಾರಿಯ ಗಾದಿಗೂ ಬಂದಿದೆ. ರಾಯಬಾಗದಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವವರು, ಚಿಕ್ಕೋಡಿ ಕಡೆಯ ಹಾಲಿನ ಡೇರಿಯವರು, ಕಾಗವಾಡದ ಗೊಬ್ಬರದ ಅಂಗಡಿಯವರು ಎಲ್ಲರೂ ದಿನಕ್ಕೊಮ್ಮೆಯಾದರೂ ಅದನ್ನೇ ಹೇಳುತ್ತಾರೆ. ಗಾಡಿ ಲೋಡಾಗಿ ನಿಂತಿರುತ್ತದೆ, ಡ್ರೈವರ್ ಚಹಾ ಕುಡಿದು ಮುಗಿಸಿರುತ್ತಾನೆ, ಬಿಲ್ಲು ಹೊರಗೆ ಬರುವುದಿಲ್ಲ. ಮಾಲಕರು ಕೂಗುತ್ತಾರೆ, ದಿವಾಣಜಿ ಕಂಪ್ಯೂಟರನ್ನು ಮೂರು ಸಲ ಬಂದ್ ಮಾಡಿ ಚಾಲೂ ಮಾಡುತ್ತಾನೆ, ಕೊನೆಗೆ ತಪ್ಪೆಲ್ಲ ಸರ್ವರಿನ ತಲೆಯ ಮೇಲೆ ಬೀಳುತ್ತದೆ.

ನಾನು ಇಂಥ ಅಂಗಡಿಗಳಲ್ಲಿ ಕೂತು ನೋಡಿದವನು. ನಾನು ಕಂಡ ಹೆಚ್ಚಿನ ತೊಂದರೆಗಳು ದೂರದ ಸರ್ವರಿನಲ್ಲಿ ಇರಲಿಲ್ಲ. ಅಂಗಡಿಯ ನಾಲ್ಕು ಗೋಡೆಗಳ ಒಳಗೇ ಇದ್ದವು. ಗಡಿಯಾರದಲ್ಲಿ, ಪಿನ್‌ಕೋಡಿನಲ್ಲಿ, ಎಕ್ಸೆಲ್ ಹಾಳೆಯಲ್ಲಿ, ಮುಖ್ಯವಾಗಿ ಖಾತೆ ಯಾರ ಮೊಬೈಲ್ ನಂಬರಿಗೆ ಕಟ್ಟಿಹಾಕಿದೆ ಅನ್ನುವುದರಲ್ಲಿ. ಅಲ್ಲಿದ್ದರೆ ಅದನ್ನು ಸರಿಪಡಿಸುವ ಶಕ್ತಿಯೂ ನಮ್ಮ ಹತ್ತಿರವೇ ಇದೆ. ಇವತ್ತು ಅದನ್ನೇ ಮಾತಾಡೋಣ.

ಇಂಥ ಅಂಗಡಿಗಳು ಬಿಲ್ಲು ಹೊಡೆಯುವ ಕ್ಲೌಡ್ ಸಾಫ್ಟ್‌ವೇರ್ ಅಂದರೆ ಇಷ್ಟೇ: ನಿಮ್ಮ ಕಿರ್ದಿ, ಖತಾವಣಿ, ಸ್ಟಾಕು, ಬಿಲ್ಲು ಯಾವುದೂ ನಿಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಮುಂಬೈಯಲ್ಲೋ ಚೆನ್ನೈಯಲ್ಲೋ ಒಂದು ದೊಡ್ಡ ಯಂತ್ರಶಾಲೆಯಲ್ಲಿ ಇರುತ್ತವೆ. ನೀವು ಇಂಟರ್ನೆಟ್ಟಿನ ಮೂಲಕ ಅದನ್ನು ತೆರೆದು ಬರೆಯುತ್ತೀರಿ, ತಿಂಗಳಿಗೋ ವರ್ಷಕ್ಕೋ ಬಾಡಿಗೆ ಕಟ್ಟುತ್ತೀರಿ. ನಮ್ಮ ದಿವಾಣಜಿಗಳಿಗೆ ಕಂಪ್ಯೂಟರ್ ಲೆಕ್ಕ ಕಲಿಸಿದ್ದು 1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟ್ಯಾಲಿ ಕಂಪನಿ. ಅದರ ಸಾಫ್ಟ್‌ವೇರ್ ಅಂಗಡಿಯ ಕಂಪ್ಯೂಟರಿನಲ್ಲೇ ಇರುತ್ತಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು, 2018ರ ಏಪ್ರಿಲ್ 1ರಂದು ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಬಂತು. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ವಹಿವಾಟು ದಾಟಿದವರು ಬೇರೆ ವ್ಯಾಪಾರಿಗೆ ಮಾರಿದರೆ ಇ-ಇನ್‌ವಾಯ್ಸ್ ಮಾಡಲೇಬೇಕಾಯಿತು. ಒಂದೊಂದಕ್ಕೂ ಇಂಟರ್ನೆಟ್ ಬೇಕಾಯಿತು. ಹಾಗೆ ಲೆಕ್ಕದ ಪುಸ್ತಕ ನಮ್ಮ ಕಣ್ಣೆದುರಿಗೇ ಅಂಗಡಿಯಿಂದ ಹೊರಗೆ ಹೋಯಿತು. ಅದು ಹೋದದ್ದು ಒಳ್ಳೆಯದೇ ಆಯಿತು ಎಂದು ನಾನು ನಂಬಿದ್ದೇನೆ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಈಗ ಬಿಲ್ಲು ನಿಂತಿದೆ ಎಂದುಕೊಳ್ಳಿ. ಬಾವಿಯ ಮೋಟಾರು ನೀರು ಎತ್ತದಿದ್ದರೆ ನಮ್ಮ ರೈತ ಮೊದಲಿಗೇ ಪೈಪು ಬಿಚ್ಚುವುದಿಲ್ಲ. ಕರೆಂಟು ಮೂರೂ ಫೇಜ್ ಇದೆಯೋ ನೋಡುತ್ತಾನೆ, ಸ್ಟಾರ್ಟರ್ ನೋಡುತ್ತಾನೆ, ಫುಟ್‌ವಾಲ್ವ್ ಕಡೆಗೆ ಬರುವುದು ಆಮೇಲೆ. ಇಲ್ಲಿಯೂ ಹಾಗೆಯೇ ತಪ್ಪು ಎಲ್ಲಿದೆ ಅನ್ನುವ ಜಾಗ ಮೊದಲು ಹಿಡಿಯಬೇಕು. ಜಾಗಗಳು ನಾಲ್ಕೇ: ನಿಮ್ಮ ಕಂಪ್ಯೂಟರು, ಇಂಟರ್ನೆಟ್ ಲೈನು, ಸಾಫ್ಟ್‌ವೇರ್ ಕಂಪನಿ, ಅದರ ಹಿಂದೆ ಇರುವ ಸರ್ಕಾರದ ಪೋರ್ಟಲ್ಲು. ಅಂಗಡಿಯ ವೈಫೈ ಬಿಟ್ಟು ನಿಮ್ಮ ಮೊಬೈಲಿನ ಹಾಟ್‌ಸ್ಪಾಟಿಗೆ ಕಂಪ್ಯೂಟರ್ ಜೋಡಿಸಿ ನೋಡಿ. ಕೆಲಸ ನಡೆಯಿತೋ, ತಪ್ಪು ಲೈನಿನದು. ನಡೆಯಲಿಲ್ಲವೋ, ಅದೇ ಲಾಗಿನ್ನನ್ನು ಮೊಬೈಲಿನಲ್ಲಿ ತೆರೆಯಿರಿ. ಅಲ್ಲಿ ತೆರೆದರೆ ತಪ್ಪು ಕಂಪ್ಯೂಟರಿನದು, ಹೆಚ್ಚಾಗಿ ಬ್ರೌಸರಿನಲ್ಲಿ ಉಳಿದ ಹಳೆಯ ಕಸದ್ದು. ಕ್ರೋಮ್‌ನಲ್ಲಿ ಖಾಸಗಿ ಕಿಟಕಿ ತೆರೆದು ಲಾಗಿನ್ ಆದರೆ ಅದೂ ಗೊತ್ತಾಗುತ್ತದೆ. ಮೊಬೈಲಿನಲ್ಲೂ ತೆರೆಯದಿದ್ದರೆ ಅದೇ ಸಾಫ್ಟ್‌ವೇರ್ ಬಳಸುವ ಪಕ್ಕದ ಅಂಗಡಿಗೆ ಒಂದು ಫೋನ್ ಮಾಡಿ. ಅವರದೂ ನಿಂತಿದ್ದರೆ, ಆಗ ಮಾತ್ರ ಸರ್ವರ್ ಡೌನ್. ಇಷ್ಟಕ್ಕೆ ಐದು ನಿಮಿಷ ಸಾಕು.

ಬಿಲ್ಲು ಬರುತ್ತದೆ, ಇ-ಇನ್‌ವಾಯ್ಸ್ ನಂಬರು ಮಾತ್ರ ಬರುವುದಿಲ್ಲ ಅಂದರೆ ಲೆಕ್ಕ ಬೇರೆ. ನಿಮ್ಮ ಸಾಫ್ಟ್‌ವೇರ್ ಆ ಬಿಲ್ಲನ್ನು ಸರ್ಕಾರದ ಪೋರ್ಟಲ್ಲಿಗೆ ಕಳಿಸಿ, ಅಲ್ಲಿಂದ ನಂಬರು ತಂದು ಮುದ್ರಿಸಬೇಕು. ಅದಕ್ಕಾಗಿ ಪೋರ್ಟಲ್ಲಿನಲ್ಲಿ ಸಾಫ್ಟ್‌ವೇರಿನದೇ ಆದ ಬೇರೆ ಯೂಸರ್ ಹೆಸರು, ಬೇರೆ ಪಾಸ್‌ವರ್ಡ್ ಇರುತ್ತದೆ. ಯಾರೋ ಪೋರ್ಟಲ್ಲಿನಲ್ಲಿ ಅದನ್ನು ಬದಲಿಸಿರುತ್ತಾರೆ, ಸಾಫ್ಟ್‌ವೇರಿನಲ್ಲಿ ಹಳೆಯದೇ ಉಳಿದಿರುತ್ತದೆ. ಎಷ್ಟು ಸಲ ಒತ್ತಿದರೂ ನಂಬರು ಬರುವುದಿಲ್ಲ. ಪಾಸ್‌ವರ್ಡ್ ಎರಡೂ ಕಡೆ ಒಂದೇ ದಿನ ಬದಲಿಸಬೇಕು. ಇದಲ್ಲದೆ ರಿಟರ್ನ್ ತುಂಬುವ ತಿಂಗಳ 11 ಮತ್ತು 20ನೇ ತಾರೀಕಿನಂದು ದೇಶದ ವ್ಯಾಪಾರಿಗಳೆಲ್ಲ ಒಟ್ಟಿಗೇ ಜಿಎಸ್‌ಟಿ ಪೋರ್ಟಲ್ಲಿನ ಬಾಗಿಲಲ್ಲಿ ನಿಲ್ಲುತ್ತಾರೆ. ಆ ಕೆಲಸ ಎರಡು ದಿನ ಮೊದಲೇ ಮುಗಿಸಿ ಎಂದು ಹೇಳುವುದನ್ನು ಬಿಟ್ಟರೆ ಬೇರೆ ಉಪಾಯ ನನ್ನಲ್ಲಿ ಇಲ್ಲ.

ಲೈನಿನ ವಿಷಯದಲ್ಲಿ ಒಂದು ಮಾತು. ಹೆಸ್ಕಾಂ ಕರೆಂಟು ಹೋದಾಗ ಕಂಪ್ಯೂಟರ್ ಯುಪಿಎಸ್ ಮೇಲೆ ಉಳಿಯುತ್ತದೆ, ಮೂಲೆಯಲ್ಲಿ ಮಿಣುಕುವ ರೂಟರ್ ಮಾತ್ರ ಆರಿಹೋಗುತ್ತದೆ. ಅರ್ಧ ಬರೆದ ಬಿಲ್ಲು ಹಾಗೇ ನಿಲ್ಲುತ್ತದೆ. ರೂಟರಿನ ವೈರನ್ನೂ ಇನ್‌ವರ್ಟರಿಗೆ ಕೊಡಿಸಿ. ಖರ್ಚು ಅಲ್ಪ, ಉಪಕಾರ ದೊಡ್ಡದು. ಕರೆಂಟು ಬಂದ ಮೇಲೆ ಅದೇ ಬಿಲ್ಲನ್ನು ಮತ್ತೊಮ್ಮೆ ಹೊಡೆಯುವ ಮುಂಚೆ ಬಿಲ್ಲುಗಳ ಪಟ್ಟಿ ತೆರೆದು ನೋಡಬೇಕು. ಎಷ್ಟೋ ಸಲ ಮೊದಲನೆಯ ಬಿಲ್ಲು ಉಳಿದೇ ಇರುತ್ತದೆ. ಎರಡನೆಯದನ್ನು ಹೊಡೆದರೆ ಲೆಕ್ಕದಲ್ಲಿ ಸ್ಟಾಕು ಎರಡು ಸಲ ಕಡಿಮೆಯಾಗಿ, ತಿಂಗಳ ಕೊನೆಗೆ ಗೋದಾಮಿನ ಮಾಲಿಗೂ ಲೆಕ್ಕಕ್ಕೂ ತಾಳೆಯಾಗದೆ ಹುಡುಕಾಟ ಶುರುವಾಗುತ್ತದೆ. ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ: ಪಟ್ಟಿ ನೋಡಿ, ಆಮೇಲೆ ಬಿಲ್ಲು ಹೊಡೆಯಿರಿ.

ಇನ್ನು ಗಡಿಯಾರ. ಕಂಪ್ಯೂಟರಿನ ಬಲಮೂಲೆಯಲ್ಲಿ ತಾರೀಕು ತಪ್ಪಿದ್ದರೆ ಬ್ರೌಸರ್ ಯಾವ ಸುರಕ್ಷಿತ ಜಾಲತಾಣವನ್ನೂ ತೆರೆಯಲು ಒಪ್ಪುವುದಿಲ್ಲ. ಹಳೆಯ ಕಂಪ್ಯೂಟರಿನೊಳಗೆ ನಾಣ್ಯದಷ್ಟು ದೊಡ್ಡ ಒಂದು ಸೆಲ್ ಇರುತ್ತದೆ. ಅದು ಸತ್ತಿತು ಅಂದರೆ ಕರೆಂಟು ಹೋದಾಗಲೆಲ್ಲ ತಾರೀಕು ಹತ್ತು ವರ್ಷ ಹಿಂದಕ್ಕೆ ಓಡುತ್ತದೆ. ಸೆಲ್ ಬದಲಿಸಿದರೆ ಮುಗಿಯಿತು. ಇದಕ್ಕಿಂತ ಗುಪ್ತವಾದದ್ದು ಸಾಫ್ಟ್‌ವೇರಿನೊಳಗಿನ ಗಡಿಯಾರ. ಖಾತೆ ತೆರೆಯುವಾಗ ಯಾವ ದೇಶದ ವೇಳೆ ಅಂತ ಕೇಳುತ್ತದೆ. ಗಡಿಬಿಡಿಯಲ್ಲಿ ಯಾರೂ ಓದುವುದಿಲ್ಲ. ಅಲ್ಲಿ ಲಂಡನ್ನಿನ ಮೂಲವೇಳೆ ಉಳಿದಿದ್ದರೆ ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದೆ. ಬೆಳಗಿನ ಐದಕ್ಕೆ ಹಾಲು ಅಳೆದುಕೊಳ್ಳುವ ಡೇರಿ ನೆನೆಸಿಕೊಳ್ಳಿ. ಐದೂವರೆಗಿಂತ ಮೊದಲು ಹಾಕಿದ ಹಾಲೆಲ್ಲ ನಿನ್ನೆಯ ತಾರೀಕಿಗೆ ಬೀಳುತ್ತದೆ. ತಡವಾಗಿ ಬಂದವರದು ಇವತ್ತಿಗೆ ಬೀಳುತ್ತದೆ. ಹತ್ತು ದಿನದ ಪಗಾರ ಮಾಡುವಾಗ ರೈತನ ಚೀಟಿ ಒಂದು, ಕಂಪ್ಯೂಟರ್ ಇನ್ನೊಂದು. ಅಮೆರಿಕದ ಪಶ್ಚಿಮ ತೀರದ ವೇಳೆ ಉಳಿದಿದ್ದರಂತೂ ಏಪ್ರಿಲ್ 1ರ ಮಧ್ಯಾಹ್ನ ಹನ್ನೆರಡೂವರೆವರೆಗಿನ ಬಿಲ್ಲುಗಳೆಲ್ಲ ಮಾರ್ಚ್ 31ಕ್ಕೆ, ಅಂದರೆ ಹಿಂದಿನ ಹಣಕಾಸು ವರ್ಷಕ್ಕೆ ಹೋಗಿ ಕೂಡುತ್ತವೆ. ಸೆಟ್ಟಿಂಗ್ಸ್ ತೆರೆದು ವೇಳೆ ಭಾರತದ್ದೇ ಇದೆಯೋ, ತಾರೀಕು ದಿನ-ತಿಂಗಳು-ವರ್ಷ ಅನ್ನುವ ಕ್ರಮದಲ್ಲಿದೆಯೋ ಇವತ್ತೇ ನೋಡಿಕೊಳ್ಳಿ.

ಈಗ ನಮ್ಮ ಗಡಿಭಾಗದ್ದೇ ಆದ ತೊಡಕಿಗೆ ಬರುತ್ತೇನೆ. ಮೈಸೂರಿನ ಅಥವಾ ದಾವಣಗೆರೆಯ ಸಣ್ಣ ಅಂಗಡಿಯವರಿಗೆ ಹೊರರಾಜ್ಯದ ಬಿಲ್ಲು ಅಪರೂಪ. ನಿಪ್ಪಾಣಿಯವರಿಗೆ ಕೊಲ್ಹಾಪುರ ಸುಮಾರು 40 ಕಿಲೋಮೀಟರು. ಕಾಗವಾಡದವರಿಗೆ ಮಿರಜ ಅರ್ಧ ತಾಸಿನ ಹಾದಿ. ಅಥಣಿ ಸೀಮೆಯ ಒಣದ್ರಾಕ್ಷಿ ಸಾಂಗ್ಲಿ, ತಾಸಗಾಂವ ಪೇಟೆಗೆ ಹೋಗುತ್ತದೆ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತೇ ಎರಡು ರಾಜ್ಯದ ನಾಲ್ಕು ನಾಲ್ಕು ಜಿಲ್ಲೆಗಳಿಗೆ ಸೇರಿದ್ದು, ಅದರಲ್ಲಿ ನಮ್ಮ ಬೆಳಗಾವಿಯೂ ಒಂದು. ನಮಗೆ ರಾಜ್ಯದ ಗಡಿ ದಾಟುವುದು ಓಣಿ ದಾಟಿದಷ್ಟೇ ಸಹಜ. ಸಾಫ್ಟ್‌ವೇರಿಗೆ ಅದು ಸಹಜವಲ್ಲ.

ಅಥಣಿಯಿಂದ ಕೊಲ್ಹಾಪುರದ ಅಂಗಡಿಗೆ ಚಪ್ಪಲಿ ಹೊರಟಿದೆ ಎಂದುಕೊಂಡು ಒಂದು ಬಿಲ್ಲನ್ನು ಹತ್ತಿರದಿಂದ ನೋಡೋಣ. ಕೊಳ್ಳುವವರ ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಆಮೇಲಿನ ಹತ್ತು ಅವರ ಪ್ಯಾನ್ ನಂಬರು. 29ರಿಂದ 27ಕ್ಕೆ ಮಾಲು ಹೊರಟರೆ ಐಜಿಎಸ್‌ಟಿ ಒಂದೇ ಸಾಲು. 29ರಿಂದ 29ಕ್ಕಾದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡು ಸಾಲು. ಸಾಫ್ಟ್‌ವೇರ್ ಇದನ್ನು ತಾನೇ ನಿರ್ಧರಿಸುತ್ತದೆ, ಆದರೆ ಗ್ರಾಹಕರ ಖಾತೆಯಲ್ಲಿ ನೀವು ಬರೆದ ರಾಜ್ಯವನ್ನು ನೋಡಿ ನಿರ್ಧರಿಸುತ್ತದೆ. ಖಾತೆ ತೆರೆದ ಹುಡುಗ ರಾಜ್ಯದ ಜಾಗದಲ್ಲಿ ಮೊದಲೇ ಇದ್ದ ಕರ್ನಾಟಕವನ್ನು ಹಾಗೇ ಬಿಟ್ಟಿರುತ್ತಾನೆ. ಊರು ಕೊಲ್ಹಾಪುರ, ರಾಜ್ಯ ಕರ್ನಾಟಕ! ಇ-ಇನ್‌ವಾಯ್ಸ್ ಇಲ್ಲದ ಸಣ್ಣ ಅಂಗಡಿಯಲ್ಲಿ ಇಂಥ ಬಿಲ್ಲು ಸದ್ದಿಲ್ಲದೆ ಹೊರಗೆ ಹೋಗುತ್ತದೆ, ತೆರಿಗೆ ತಪ್ಪು ತಲೆಗೆ ಕಟ್ಟಿಹೋಗುತ್ತದೆ. ಕೊಲ್ಹಾಪುರದವರಿಗೆ ಆ ತೆರಿಗೆಯ ಜಮೆ ಸಿಗುವುದಿಲ್ಲ. ಅವರು ಫೋನ್ ಮಾಡಿ "ನಮ್ಮ ಹಣ ಎಲ್ಲಿ" ಅಂದಾಗಲೇ ನಮಗೆ ಗೊತ್ತಾಗುವುದು.

ಅದೇ ಬಿಲ್ಲಿನ ಪಿನ್‌ಕೋಡ್ ನೋಡಿ. ಚಿಕ್ಕೋಡಿ 591201, ಅಥಣಿ 591304, ನಿಪ್ಪಾಣಿ 591237. ನಮ್ಮವೆಲ್ಲ 591ರಿಂದ ಶುರು. ಗಡಿಯಾಚೆಯ ಮಿರಜ, ಸಾಂಗ್ಲಿ, ಇಚಲಕರಂಜಿ 416ರಿಂದ ಶುರು. ಸರ್ಕಾರದ ಪೋರ್ಟಲ್ಲು ಪಿನ್‌ಕೋಡನ್ನೂ ರಾಜ್ಯವನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುತ್ತದೆ. ಹೊಂದದಿದ್ದರೆ ಬಿಲ್ಲು ವಾಪಸ್. ಇ-ವೇ ಬಿಲ್ಲಿನ ದೂರವನ್ನೂ ಎರಡು ಪಿನ್‌ಕೋಡುಗಳಿಂದಲೇ ಲೆಕ್ಕ ಹಾಕುತ್ತದೆ. 200 ಕಿಲೋಮೀಟರಿಗೆ ಒಂದು ದಿನದ ಅವಧಿ ಕೊಡುತ್ತದೆ. ತಪ್ಪಾಗಿದ್ದು ಕಂಡರೆ 24 ತಾಸಿನೊಳಗೆ ರದ್ದು ಮಾಡಿ ಹೊಸದು ಮಾಡಬಹುದು, ಆಮೇಲೆ ಆಗುವುದಿಲ್ಲ. ಇ-ಇನ್‌ವಾಯ್ಸಿಗೂ ಅದೇ 24 ತಾಸು. ಅದು ದಾಟಿದರೆ ಕ್ರೆಡಿಟ್ ನೋಟ್ ದಾರಿಯೇ ಗತಿ. ಆದ್ದರಿಂದ ಗಾಡಿ ಬಿಟ್ಟ ಕೂಡಲೇ ಯಾರಾದರೂ ಒಬ್ಬರು ಬಿಲ್ಲನ್ನು ಮತ್ತೊಮ್ಮೆ ಓದುವ ಪದ್ಧತಿ ಇಟ್ಟುಕೊಳ್ಳಿ.

ಇಂಗ್ಲಿಷಿನಲ್ಲಿ ನಮ್ಮ ಊರಿನ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ನಿಪ್ಪಾಣಿಗೆ ಒಬ್ಬರು ಒಂದು 'ಪಿ' ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ. ಅಂಗಡಿಯ ಹೆಸರಿಗೂ ಇದೇ ಪಾಡು. ಹೀಗಾಗಿ ಒಬ್ಬರೇ ಗಿರಾಕಿ ಮೂರು ಖಾತೆಯಾಗುತ್ತಾರೆ. ಮೊದಲನೆಯ ಖಾತೆಯಲ್ಲಿ ಬಾಕಿ, ಎರಡನೆಯದರಲ್ಲಿ ಜಮೆ. ಹಣ ಕೊಟ್ಟವರಿಗೇ ಮತ್ತೆ ಬಾಕಿ ಕೇಳುವ ನೋಟಿಸು ಹೋಗುತ್ತದೆ. ಸಂಬಂಧ ಕೆಡುತ್ತದೆ. ಹೊಸ ಖಾತೆ ತೆರೆಯುವ ಮುಂಚೆ ಹೆಸರಿನಿಂದ ಹುಡುಕಬೇಡಿ, ಜಿಎಸ್‌ಟಿ ನಂಬರಿನಿಂದಲೋ ಮೊಬೈಲ್ ನಂಬರಿನಿಂದಲೋ ಹುಡುಕಿ. ಇದೊಂದೇ ಅಭ್ಯಾಸ ಅರ್ಧ ತೊಂದರೆ ಕಳೆಯುತ್ತದೆ.

ದರದ ವಿಷಯಕ್ಕೂ ಕ್ಲೌಡಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಸಾಫ್ಟ್‌ವೇರ್ ತಾನಾಗಿಯೇ ಹೊಸತಾಗುತ್ತದೆ ಅಂದಮೇಲೆ ತೆರಿಗೆ ದರವೂ ತಾನಾಗಿಯೇ ಹೊಸತಾಗುತ್ತದೆ ಎಂದು ಜನ ನಂಬಿಬಿಡುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಒಂದು ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇಕಡಾ 5 ಆಯಿತು. ಅದಕ್ಕೆ ಮೊದಲು 1,000 ರೂಪಾಯಿವರೆಗೆ ಶೇ. 12, ಅದರ ಮೇಲೆ ಶೇ. 18 ಇತ್ತು. ಚಪ್ಪಲಿಯ ಹೆಸರಿನ ಮುಂದೆ ನೀವೇ ಹಿಂದೆ ಬರೆದಿಟ್ಟ 12 ಅನ್ನುವ ಅಂಕಿಯನ್ನು ಕಂಪನಿ ಬಂದು ಅಳಿಸುವುದಿಲ್ಲ. ನೀವೇ ಬದಲಿಸಬೇಕು, ಯಾವ ತಾರೀಕಿನಿಂದ ಅನ್ನುವುದನ್ನೂ ಬರೆಯಬೇಕು. ಹಳೆಯ ದರದಲ್ಲಿ ಮಾರಿದ ಮಾಲು ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಳೆಯ ದರದಲ್ಲೇ ಆಗಬೇಕು. ಹೊಸ ದರದಲ್ಲಿ ಮಾಡಿದರೆ ನಷ್ಟ ನಿಮಗೆ. ನಿಪ್ಪಾಣಿಯವರಿಗೆ ಇನ್ನೊಂದು: ರೈತರಿಂದ ತಂಬಾಕಿನ ಎಲೆ ಕೊಂಡಾಗ ತೆರಿಗೆ ಕಟ್ಟುವ ಹೊಣೆ ಕೊಂಡವರದ್ದು, ಅಂದರೆ ರಿವರ್ಸ್ ಚಾರ್ಜ್. ರೈತರಿಗೆ ಜಿಎಸ್‌ಟಿ ನಂಬರು ಇಲ್ಲ ಎಂದು ಸಾಫ್ಟ್‌ವೇರ್ ಆ ಖರೀದಿಯನ್ನು ಸೊನ್ನೆ ತೆರಿಗೆಯಲ್ಲಿ ಸುಮ್ಮನೆ ಒಪ್ಪಿಕೊಳ್ಳಬಹುದು. ಆ ಮಾಲಿನ ಮುಂದೆ ರಿವರ್ಸ್ ಚಾರ್ಜ್ ಗುರುತು ನೀವೇ ಹಾಕಿದ್ದರೆ ಮಾತ್ರ ಅದು ಎಚ್ಚರಿಸುತ್ತದೆ. ಬೆಲ್ಲದವರೂ ಕೇಳಿಸಿಕೊಳ್ಳಿ. 2022ರ ಜುಲೈ 18ರಿಂದ ಮೊದಲೇ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ ತೆರಿಗೆ ಇದೆ, ಬಿಡಿ ಬೆಲ್ಲಕ್ಕೆ ಇಲ್ಲ. ಎರಡನ್ನೂ 'ಬೆಲ್ಲ' ಎಂದು ಒಂದೇ ಹೆಸರಿನಲ್ಲಿ ಇಟ್ಟರೆ ಯಾವ ಸಾಫ್ಟ್‌ವೇರಿಗೂ ಅವುಗಳ ಭೇದ ತಿಳಿಯುವುದಿಲ್ಲ. ಎರಡು ಹೆಸರು ಮಾಡಿ.

ಎಕ್ಸೆಲ್ ಹಾಳೆಯ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ, ಯಾಕೆಂದರೆ ಇದರಲ್ಲಿ ರೈತರ, ಕಾರ್ಮಿಕರ ದುಡ್ಡು ಇದೆ. ಡೇರಿಯವರು ನೂರಾರು ಜನರ ಬ್ಯಾಂಕ್ ಖಾತೆ ನಂಬರುಗಳನ್ನು ಎಕ್ಸೆಲ್‌ನಲ್ಲಿ ಬರೆದು ಕ್ಲೌಡಿಗೆ ಏರಿಸುತ್ತಾರೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನೆನಪಿಡುತ್ತದೆ. ಖಾತೆ ನಂಬರು 16 ಅಂಕಿಯದಾದರೆ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಮೊದಲಿಗೇ ಸೊನ್ನೆ ಇರುವ ನಂಬರಾದರೆ ಆ ಸೊನ್ನೆ ಹಾರಿಹೋಗುತ್ತದೆ. 12 ಅಂಕಿಯ ಇ-ವೇ ಬಿಲ್ ನಂಬರು ನಡುವೆ ಚುಕ್ಕೆ, 'ಇ' ಅಕ್ಷರ ಬಂದು ವಿಚಿತ್ರವಾಗಿ ಕಾಣುತ್ತದೆ. ಹಣ ವಾಪಸ್ ಬಂದರೆ ಪುಣ್ಯ, ಇನ್ನೊಬ್ಬರ ಖಾತೆಗೆ ಹೋದರೆ ತಿಂಗಳುಗಟ್ಟಲೆ ಅಲೆದಾಟ. ನಂಬರು ಬರೆಯುವ ಮುಂಚೆ ಆ ಇಡೀ ಕಾಲಮ್ಮನ್ನು 'ಟೆಕ್ಸ್ಟ್' ಎಂದು ಬದಲಿಸಿಕೊಳ್ಳಿ. ಬರೆದ ಮೇಲೆ ಬದಲಿಸಿದರೆ ಹೋದ ಅಂಕಿ ಮರಳಿ ಬರುವುದಿಲ್ಲ. ಐಎಫ್‌ಎಸ್‌ಸಿ ಕೋಡಿನ ಐದನೆಯ ಜಾಗದಲ್ಲಿ ಇರುವುದು ಯಾವಾಗಲೂ ಸೊನ್ನೆ, ಇಂಗ್ಲಿಷಿನ 'ಓ' ಅಕ್ಷರ ಅಲ್ಲ. ಪಟ್ಟಿ ಏರಿಸಿದ ಮೇಲೆ ಕ್ಲೌಡಿನಲ್ಲಿ ಕಾಣುವ ನಂಬರನ್ನು ಪಾಸ್‌ಬುಕ್ಕಿನ ಪಕ್ಕ ಇಟ್ಟು ಓದಬೇಕು. ಒಬ್ಬರು ಕೂಗಬೇಕು, ಒಬ್ಬರು ತಾಳೆ ನೋಡಬೇಕು. ಹಳೆಯ ದಿವಾಣಜಿಗಳು ಖತಾವಣಿಯನ್ನು ಹೀಗೇ ತಾಳೆ ನೋಡುತ್ತಿದ್ದರು. ಆ ಪದ್ಧತಿ ಬಿಡಬಾರದು.

ಕನ್ನಡ ಅಕ್ಷರದ ತೊಂದರೆ ಚಿಕ್ಕದು, ಪರಿಹಾರವೂ ಇದೆ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಹೆಸರುಗಳನ್ನು ಕ್ಲೌಡಿಗೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಅದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ, ಬದಲಿಸಿ ಏರಿಸಿ. ಸಣ್ಣ ರೋಲಿನ ಬಿಲ್ ಪ್ರಿಂಟರಿನಲ್ಲಿ ಕನ್ನಡ ಬಾರದೆ ಚೌಕಾಕಾರದ ಡಬ್ಬಿಗಳು ಬಂದರೆ ಸೆಟ್ಟಿಂಗಿನಲ್ಲಿ ಬಿಲ್ಲನ್ನು ಚಿತ್ರವಾಗಿ ಮುದ್ರಿಸು ಎಂದು ಆರಿಸಬೇಕು. ನಮ್ಮ ಗಿರಾಕಿಗೆ ಅವರ ಭಾಷೆಯಲ್ಲಿ ಬಿಲ್ಲು ಕೊಡುವುದು ಸಾಧ್ಯ. ಕೇಳಿ ಮಾಡಿಸಿಕೊಳ್ಳಿ.

ಎರಡು ಕೌಂಟರು ಇರುವ ಅಂಗಡಿಯವರಿಗೆ ಒಂದು ಮಾತು. ಕೆಲವು ಸಾಫ್ಟ್‌ವೇರುಗಳು ಇಂಟರ್ನೆಟ್ ಇಲ್ಲದಾಗಲೂ ಮೊಬೈಲಿನಲ್ಲಿ ಬಿಲ್ಲು ಹೊಡೆದು, ಆಮೇಲೆ ಕ್ಲೌಡಿಗೆ ಸೇರಿಸುತ್ತವೆ. ಸಂತೆಯ ದಿನ ಎರಡೂ ಮೊಬೈಲು ನೆಟ್ ಇಲ್ಲದೆ ನಡೆದರೆ ಎರಡರಲ್ಲೂ ಒಂದೇ ನಂಬರಿನ ಬಿಲ್ಲು ಹುಟ್ಟುವ ಸಂಭವ ಇದೆ. ಕಾನೂನಿನ ಪ್ರಕಾರ ಒಂದು ವರ್ಷದಲ್ಲಿ ಬಿಲ್ಲಿನ ನಂಬರು ಮರುಕಳಿಸಬಾರದು, 16 ಅಕ್ಷರ ದಾಟಬಾರದು. ಆದರೆ ಒಂದಕ್ಕಿಂತ ಹೆಚ್ಚು ಸರಣಿ ಇಡಲು ಅಡ್ಡಿಯಿಲ್ಲ. ಕೌಂಟರಿಗೊಂದು ಬೇರೆ ಅಕ್ಷರ ಕೊಟ್ಟು ಸರಣಿ ಬೇರೆ ಮಾಡಿ.

ಎಲ್ಲಕ್ಕಿಂತ ದೊಡ್ಡ ತೊಂದರೆಯನ್ನು ಈಗ ಹೇಳುತ್ತೇನೆ. ಖಾತೆ ಯಾರದು? ಸಾಫ್ಟ್‌ವೇರ್ ತೆಗೆದುಕೊಂಡ ದಿನ ಮಾಲಕರು "ನನಗೇನ್ ತಿಳೀತೈತಿ, ನಿನ್ನ ನಂಬರ್ ಹಾಕೋ ತಮ್ಮಾ" ಅನ್ನುತ್ತಾರೆ. ಹುಡುಗ ತನ್ನ ಮೊಬೈಲು, ತನ್ನ ಜಿಮೇಲು ಹಾಕುತ್ತಾನೆ. ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಎರಡು ವರ್ಷದ ಮೇಲೆ ಅವನು ಮದುವೆಯಾಗಿ ಪುಣೆಗೆ ಹೋಗುತ್ತಾನೆ, ಹಳೆಯ ಸಿಮ್ ಬಂದ್ ಆಗುತ್ತದೆ. ಇಲ್ಲಿ ಪಾಸ್‌ವರ್ಡ್ ಮರೆತರೆ ಒಟಿಪಿ ಹೋಗುವುದು ಇಲ್ಲದ ನಂಬರಿಗೆ. ಅಂಗಡಿ ನಿಮ್ಮದು, ಹತ್ತು ವರ್ಷದ ಗಿರಾಕಿ ನಿಮ್ಮವರು, ಬಾಕಿ ನಿಮ್ಮದು. ಕಂಪನಿಯ ಕಣ್ಣಿಗೆ ಖಾತೆಯ ಒಡೆಯ ಆ ಹುಡುಗ. ಅಂಗಡಿಯ ದಾಖಲೆ, ಪ್ಯಾನು, ಹಣ ಕಟ್ಟಿದ ರಶೀದಿ ಎಲ್ಲ ಕೊಟ್ಟು ಒಡೆತನ ಸಾಬೀತು ಮಾಡುವಷ್ಟರಲ್ಲಿ ಎಷ್ಟೋ ದಿನ ಹೋಗುತ್ತವೆ. ಇ-ವೇ ಬಿಲ್ ಪೋರ್ಟಲ್ಲಿಗೂ 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಪಾಸ್‌ವರ್ಡಿನ ಜೊತೆ ಒಟಿಪಿ ಕಡ್ಡಾಯವಾಗಿದೆ. ನೋಂದಾಯಿಸಿದ ಮೊಬೈಲು ಕೈಯಲ್ಲಿ ಇಲ್ಲದಿದ್ದರೆ ಗಾಡಿ ಅಲ್ಲಾಡುವುದಿಲ್ಲ.

ಮಾಲಕರೆ, ತಾಯಂದಿರೆ, ಕಂಪ್ಯೂಟರ್ ಬರದಿದ್ದರೂ ಚಿಂತೆ ಇಲ್ಲ. ಅಂಗಡಿಯ ಹೆಸರಿನಲ್ಲಿ ಒಂದು ಸಿಮ್, ಒಂದು ಇಮೇಲ್ ಮಾಡಿಸಿ. ಮುಖ್ಯ ಒಡೆತನದ ಲಾಗಿನ್ ಅದಕ್ಕೇ ಇರಲಿ. ದಿವಾಣಜಿಗೆ, ಬಿಲ್ಲು ಹೊಡೆಯುವ ಹುಡುಗಿಗೆ, ಲೆಕ್ಕ ಪರಿಶೋಧಕರಿಗೆ ಬೇರೆ ಬೇರೆ ಲಾಗಿನ್ ಕೊಡಿ. ಒಂದೇ ಲಾಗಿನ್ನನ್ನು ನಾಲ್ಕು ಜನ ಬಳಸಿದರೆ ಒಬ್ಬರು ಒಳಗೆ ಬಂದಾಗ ಇನ್ನೊಬ್ಬರು ಹೊರಗೆ ಬೀಳಬಹುದು. ಯಾರು ಯಾವ ಬಿಲ್ಲು ತಿದ್ದಿದರು ಅನ್ನುವುದೂ ತಿಳಿಯುವುದಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿ ಕಾಯಿದೆಯಡಿ ನೋಂದಾಯಿತವಾದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕು, ಅದನ್ನು ಬಂದ್ ಮಾಡುವಂತಿಲ್ಲ. ಸಣ್ಣ ಮಾಲಕತ್ವದ ಅಂಗಡಿಗೆ ಆ ನಿಯಮ ಇಲ್ಲದಿದ್ದರೂ ಪದ್ಧತಿ ಒಳ್ಳೆಯದು. ಅದು ದಿವಾಣಜಿಯ ಮೇಲಿನ ಕಾವಲು ಎಂದು ತಿಳಿಯಬೇಡಿ. ತಪ್ಪು ಮಾಡದವರನ್ನು ಅದು ಕಾಪಾಡುತ್ತದೆ.

ಬಾಡಿಗೆ ಕಟ್ಟುವುದರಲ್ಲೂ ಒಂದು ಗಂಟಿದೆ. ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ ಬಿಗಿ ನಿಯಮ ತಂದಿದೆ. ಇಂಥ ಬಾಡಿಗೆಯ ಮೊತ್ತ 15,000 ರೂಪಾಯಿ ದಾಟಿದರೆ ಪ್ರತಿ ಸಲವೂ ನೀವು ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಹಣ ಹೋಗುವುದಿಲ್ಲ, ಅವಧಿ ಮುಗಿದ ದಿನ ಸಾಫ್ಟ್‌ವೇರ್ ಬೀಗ ಹಾಕಿಕೊಳ್ಳುತ್ತದೆ. ಅಂಗಡಿಯಲ್ಲಿ ಮತ್ತೆ "ಸರ್ವರ್ ಡೌನ್". ಬ್ಯಾಂಕು ಒಂದು ದಿನ ಮೊದಲೇ ಸಂದೇಶ ಕಳಿಸಿರುತ್ತದೆ; ಅದು ಬೇಡದ ಜಾಹೀರಾತುಗಳ ನಡುವೆ ಹೂತುಹೋಗಿರುತ್ತದೆ. ಬಾಡಿಗೆಯ ತಾರೀಕನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಸಹಾಯ ಕೇಳುವಾಗ ಎಚ್ಚರ ಇರಲಿ. ಪರದೆಯ ಮೇಲೆ ಬಂದ ಇಂಗ್ಲಿಷ್ ಸಂದೇಶವನ್ನು ನಮ್ಮ ಹುಡುಗರು ಹೆದರಿ ತಟ್ಟನೆ ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆಯಿರಿ. "ನಡೀವಲ್ದ್ರಿ" ಎಂದು ಫೋನಿನಲ್ಲಿ ಹೇಳಿದರೆ ಬೆಂಗಳೂರಿನಲ್ಲಿ ಕೂತವರಿಗೆ ಏನೂ ಹೊಳೆಯುವುದಿಲ್ಲ. ಯಾವ ಬಿಲ್ಲು, ಎಷ್ಟು ಹೊತ್ತಿಗೆ, ಯಾವ ಗುಂಡಿ ಒತ್ತಿದಾಗ, ಏನು ಸಂದೇಶ ಬಂತು ಎಂದು ಹೇಳಿದರೆ ಕೆಲಸ ಬೇಗ ಆಗುತ್ತದೆ. ಕಂಪನಿಯ ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಮೋಸಗಾರರು ಸುಳ್ಳು ನಂಬರುಗಳನ್ನು ಹಾಕಿರುತ್ತಾರೆ. ಸಾಫ್ಟ್‌ವೇರಿನ ಒಳಗೇ ಇರುವ ಸಹಾಯದ ಗುಂಡಿಯಿಂದ, ಅಥವಾ ರಶೀದಿಯ ಮೇಲಿನ ನಂಬರಿನಿಂದ ಮಾತಾಡಿ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂದು ತಾವಾಗಿಯೇ ಫೋನ್ ಮಾಡಿ ಹೇಳುವವರನ್ನು ನಂಬಬೇಡಿ. ಒಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ಹಣ ತಡೆಯುವುದು ಕಷ್ಟ. ಮೋಸ ಹೋದವರು ನಾಚಿಕೊಂಡು ಮುಚ್ಚಿಡುತ್ತಾರೆ. ನಾಚಿಕೆಯ ವಿಷಯ ಏನೂ ಇಲ್ಲ.

ಪುಸ್ತಕ ಹೊರಗೆ ಹೋದದ್ದು ಒಳ್ಳೆಯದಾಯಿತು ಎಂದು ಮೊದಲೇ ಹೇಳಿದ್ದೆ. 2019ರ ಆಗಸ್ಟ್, 2021ರ ಜುಲೈ ನಮ್ಮ ಸೀಮೆಯವರು ಯಾರೂ ಮರೆತಿಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆ ಊರೊಳಗೆ ಬಂದವು. ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೇ ನೀರು ನಿಂತಿತು. ನೀರು ಇಳಿದ ಮೇಲೆ ನದಿದಂಡೆಯ ಅಂಗಡಿಗಳಲ್ಲಿ ಕಿರ್ದಿ ಪುಸ್ತಕಗಳು ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಂತಾಗಿದ್ದವು. ಯಾರಿಂದ ಎಷ್ಟು ಬರಬೇಕು ಅನ್ನುವ ಲೆಕ್ಕವೇ ಕೊಚ್ಚಿಹೋದರೆ ಸಣ್ಣ ವ್ಯಾಪಾರಿ ಮತ್ತೆ ಏಳುವುದು ಹೇಗೆ? ಕ್ಲೌಡಿನಲ್ಲಿದ್ದ ಲೆಕ್ಕಕ್ಕೆ ಆ ನೀರು ಮುಟ್ಟುವುದಿಲ್ಲ. ಆದರೆ ಕಂಪನಿ ಮುಚ್ಚಬಹುದು, ಬಾಡಿಗೆ ತಪ್ಪಬಹುದು, ಖಾತೆಗೆ ಬೀಗ ಬೀಳಬಹುದು. ಜಿಎಸ್‌ಟಿ ಕಾನೂನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕ ಇಡಬೇಕು ಅನ್ನುತ್ತದೆ. ಅಷ್ಟು ಕಾಲ ಅದನ್ನು ಇಡುವ ಹೊಣೆ ನಿಮ್ಮದೇ, ಸಾಫ್ಟ್‌ವೇರ್ ಕಂಪನಿಯದಲ್ಲ.

ಆದ್ದರಿಂದ ತಿಂಗಳಿಗೊಮ್ಮೆ, ರಿಟರ್ನ್ ತುಂಬಿದ ಮರುದಿನ, ಖತಾವಣಿ, ಬಿಲ್ಲುಗಳ ಪಟ್ಟಿ, ಸ್ಟಾಕು, ಗಿರಾಕಿಗಳ ವಿಳಾಸ ಎಲ್ಲವನ್ನೂ ಇಳಿಸಿಕೊಂಡು ಎರಡು ಪೆನ್‌ಡ್ರೈವಿನಲ್ಲಿ ಇಡಿ. ಒಂದು ಅಂಗಡಿಯಲ್ಲಿ, ಇನ್ನೊಂದು ನದಿಯಿಂದ ದೂರದ ಊರಿನಲ್ಲಿರುವ ನೆಂಟರ ಮನೆಯಲ್ಲಿ. ಪಿಡಿಎಫ್ ಒಂದೇ ಸಾಲದು, ಮತ್ತೆ ಏರಿಸಲು ಬರುವಂಥ ಹಾಳೆಯ ರೂಪದಲ್ಲೂ ಇರಬೇಕು. ವರ್ಷಕ್ಕೊಮ್ಮೆ, ಮೃಗಶಿರಾ ಮಳೆ ಹಿಡಿಯುವ ಮುಂಚೆ, ಆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಮಾರ್ಚ್ 31ರ ಬಾಕಿಗಳನ್ನು ನಿಮ್ಮ ಲೆಕ್ಕ ಪರಿಶೋಧಕರಲ್ಲಿರುವ ಹಾಳೆಯ ಜೊತೆ ತಾಳೆ ನೋಡಿ. ಹೊಂದದಿದ್ದರೆ ಅಂದೇ ಕಂಪನಿಗೆ ಬರೆದು ಕೇಳಿ.